ಇನ್ನೂ ಬಾರದವರ ಬೀದಿ

ಹೊಲಿಗೆಯಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದ ಆ ಹೆಂಗಸು ಹಳೇ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಕೆಳಗೆ ಅಂಗಡಿ ಮೇಲೆ ಮನೆ ಇದ್ದ ಒಂದು ಇಕ್ಕಟ್ಟಾದ ಕಟ್ಟಡದಲ್ಲಿ ಅರ್ಧ ಆಯುಷ್ಯ ಕಳೆದವಳು. ಶಾಲೆಯ ಸಮವಸ್ತ್ರ, ಆಸ್ಪತ್ರೆಯವರ ಕೋಟು, ಕಿಟಕಿಯ ಪರದೆ, ಯಾವ ಕೆಲಸ ಬಂದರೂ ಇಲ್ಲವೆಂದವಳಲ್ಲ. ಮಕ್ಕಳಿರಲಿಲ್ಲ. ಗಂಡ ಲಾರಿ ಓಡಿಸುತ್ತಿದ್ದ. ಒಂದು ಚಳಿಗಾಲ ಎದೆನೋವೆಂದು ಮಲಗಿದವನು ಮತ್ತೆ ಏಳಲಿಲ್ಲ. ಮನೆಯಲ್ಲಿ ಉಳಿದವರು ಅವಳು ಮತ್ತು ಅವಳ ಅತ್ತೆ.

ಅವನಿದ್ದಷ್ಟು ಕಾಲ ಅತ್ತೆ ಸೊಸೆಯದು ಎಣ್ಣೆ ಸೀಗೇಕಾಯಿ ಸಂಬಂಧ. ಅವನು ಹೋದ ಮೇಲೆ ಜಗಳವಾಡಲು ಬೇರೆ ಯಾರೂ ಇಲ್ಲದೆ ಇಬ್ಬರೂ ಒಬ್ಬರನ್ನೊಬ್ಬರು ಹಚ್ಚಿಕೊಂಡರು. ಅತ್ತೆಯ ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು, ಕಾಲು ಮಾತ್ರ ನಿಧಾನ. ಎಲ್ಲಿಗಾದರೂ ಹೊರಟರೆ ಹೊಲಿಗೆಯಕ್ಕ ಸ್ವಲ್ಪ ದೂರ ಮುಂದೆ ಹೋಗಿ ನಿಂತುಕೊಳ್ಳುವಳು. ಮುದುಕಿ ಗೊಣಗುತ್ತ ಬಂದು ಸೇರಿದ ಮೇಲೆ ಮತ್ತೆ ಹೊರಡುವಳು. ಓಣಿಯ ಜನಕ್ಕೆ ಅದು ನೋಡಿ ನೋಡಿ ರೂಢಿಯಾಗಿತ್ತು.

ಆ ಹೊತ್ತಿಗೆ ನಗರದಾಚೆಯ ಬಯಲಿನಲ್ಲಿ ಹೊಸದೊಂದು ಊರು ಕಟ್ಟುವ ಮಾತು ಶುರುವಾಯಿತು. ಅರ್ಧ ಸರ್ಕಾರದ್ದು, ಅರ್ಧ ಕಂಪನಿಯದು. ಸರ್ಕಾರ ಜಾಗ ಕೊಡುವುದು, ಕಂಪನಿ ಯಂತ್ರಗಳನ್ನೂ ಅವುಗಳ ಬುದ್ಧಿಯನ್ನೂ ತರುವುದು, ಇಬ್ಬರೂ ಕೂಡಿ ಊರನ್ನು ನಡೆಸುವುದು ಎಂದು ಒಪ್ಪಂದ. ಇದಕ್ಕಾಗಿ ತೆರೆದ ಕಚೇರಿಗೆ ಉದ್ದನೆಯ ಹೆಸರೊಂದಿತ್ತು. ಅದು ಯಾರ ಬಾಯಿಗೂ ಹತ್ತದೆ ಜನ ಅದನ್ನು ಅರ್ಧಂಬರ್ಧ ಆಫೀಸು ಎಂದು ಕರೆದರು. ಆಫೀಸಿನವರೇ ಫೋನಿನಲ್ಲಿ ಹಾಗೆ ಹೇಳಿಕೊಂಡಿದ್ದನ್ನು ಕೇಳಿದವರಿದ್ದಾರೆ.

ಹೊಸ ಊರಿಗೆ ಹೋಗುವ ರಸ್ತೆ ಹಳೇ ಮಾರುಕಟ್ಟೆಯ ಓಣಿಯ ಮೇಲೆಯೇ ಹಾಯಬೇಕಾಗಿತ್ತು. ಮನೆ ಕಳೆದುಕೊಳ್ಳುವವರನ್ನು ಕರೆದು ಸಭೆ ಮಾಡಿದರು. ಆಫೀಸಿನ ಮುಖ್ಯಸ್ಥ ಗೋಡೆಯ ಮೇಲೆ ದೊಡ್ಡ ಚಿತ್ರಗಳನ್ನು ತೋರಿಸಿದ. ಅಲ್ಲಿ ದೀಪದ ಕಂಬ ಮನುಷ್ಯನ ನಡಿಗೆ ಗುರುತಿಸುತ್ತದೆ, ಬಾಗಿಲು ಮನೆಯವರನ್ನು ಕಂಡು ತಾನೇ ತೆರೆಯುತ್ತದೆ, ಮೈಗೆ ಹುಷಾರಿಲ್ಲದವರಿದ್ದರೆ ಚಾಲಕನಿಲ್ಲದ ಗಾಡಿ ಬಾಗಿಲಿಗೇ ಬಂದು ನಿಲ್ಲುತ್ತದೆ ಎಂದೆಲ್ಲ ವಿವರಿಸಿದ. ಊರು ಪೂರ್ತಿ ಕಟ್ಟುವ ಮೊದಲು ಒಂದೇ ಒಂದು ಬೀದಿ ಕಟ್ಟಿ ನೋಡುತ್ತೇವೆ, ಬಂದು ಅಲ್ಲಿದ್ದು ಸರಿ ತಪ್ಪು ಹೇಳುವವರಿಗೆ ಬಾಡಿಗೆಯಿಲ್ಲ, ಊರಾದ ಮೇಲೆ ಮನೆ ಅವರದೇ ಎಂದ. ಅತ್ತೆ ಸೊಸೆ ಆ ಸಂಜೆಯೆಲ್ಲ ಮಾತಾಡಿಕೊಂಡರು. ಎಲ್ಲಿಗಾದರೂ ಹೋಗಲೇಬೇಕಲ್ಲ ಎಂದು ಕೊನೆಗೆ ಒಪ್ಪಿದರು.

ಮಾದರಿ ಬೀದಿ ಬಯಲ ನಡುವೆ ಕತ್ತರಿಸಿಟ್ಟ ಬಟ್ಟೆಯ ತುಂಡಿನ ಹಾಗಿತ್ತು. ಅದಕ್ಕೆ ಹಿಂದಿಲ್ಲ, ಮುಂದಿಲ್ಲ. ಎರಡೂ ಕಡೆ ಬೂದು ಬಣ್ಣದ ಮನೆಗಳು, ನಡುವೆ ನುಣ್ಣನೆಯ ರಸ್ತೆ. ರಸ್ತೆ ಎರಡೂ ತುದಿಯಲ್ಲಿ ಹುಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಇವರಿಗೆ ಸಿಕ್ಕಿದ್ದು ಕೊನೆಯ ಮನೆ. ಕಾಲಿಟ್ಟ ಕೂಡಲೇ ಬಾಗಿಲು ಹೆಂಗಸಿನ ದನಿಯಲ್ಲಿ ಬನ್ನಿ ಎಂದಿತು. ಅತ್ತೆ ಗಾಬರಿಯಾಗಲಿಲ್ಲ. ಇಷ್ಟು ದಿನ ಸೊಸೆಗೆ ಮಾತ್ರ ಬಾಯಿತ್ತು, ಇನ್ನು ಬಾಗಿಲಿಗೂ ಬಂತು ಎಂದಳಷ್ಟೆ.

ಅವರ ಜೊತೆ ಇನ್ನೂ ಕೆಲವು ಕುಟುಂಬ ಬಂದಿದ್ದವು. ಗಡಿಯಾರ ರಿಪೇರಿಯವನು ಗಿರಾಕಿಗಳಿಲ್ಲವೆಂದು ಮೊದಲು ಹೊರಟ. ಮಕ್ಕಳಿದ್ದವರು ಶಾಲೆ ದೂರವೆಂದು ಹಿಂದೆಯೇ ಹೋದರು. ಬಡಗಿಯ ಹೆಂಡತಿ ಕಾರಣ ಹೇಳದೆಯೇ ಗಂಟು ಕಟ್ಟಿದಳು. ಹೋಗುವಾಗ ಹೊಲಿಗೆಯಕ್ಕನ ಕೈ ಹಿಡಿದು ನೀವೂ ಜಾಸ್ತಿ ದಿನ ಇರಬೇಡಿ ಅಕ್ಕ ಎಂದಳು. ಮಳೆಗಾಲ ಮುಗಿಯುವಷ್ಟರಲ್ಲಿ ಬೀದಿಯಲ್ಲಿ ಉಳಿದವರು ಇವರಿಬ್ಬರೇ. ಹೊಲಿಗೆಯಕ್ಕ ವಾರಕ್ಕೊಮ್ಮೆ ಆಫೀಸಿನ ಗಾಡಿಯಲ್ಲಿ ನಗರಕ್ಕೆ ಹೋಗಿ ಹೊಲಿದದ್ದನ್ನು ಕೊಟ್ಟು ಹೊಸ ಬಟ್ಟೆ ತರುತ್ತಿದ್ದಳು. ಅತ್ತೆ ಕಿಟಕಿಯ ಷಟರನ್ನು ಅರ್ಧ ಏರಿಸಿಕೊಂಡು, ಬಿಸಿಲು ಕಾಲಿಗೆ ಮಾತ್ರ ಬೀಳುವಂತೆ ಕುರ್ಚಿ ಎಳೆದುಕೊಂಡು, ಬೀದಿ ನೋಡುತ್ತ ಕೂರುತ್ತಿದ್ದಳು.

ಮೊದಲು ಕಂಡವಳು ಅವಳೇ. ಎದುರು ಮನೆಯವರು ಬಂದರು ನೋಡು ಎಂದು ಒಂದು ಸಂಜೆ ಕೂಗಿದಳು. ಹೊಲಿಗೆಯಕ್ಕ ಬಾಬಿನ್ನಿಗೆ ನೂಲು ಸುತ್ತುವುದನ್ನು ಬಿಟ್ಟು ಬಂದು ನೋಡಿದಳು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಆದರೆ ಬೀದಿಯ ತುದಿಯಿಂದ ದೀಪಗಳು ಒಂದರ ಹಿಂದೊಂದು ಹೊತ್ತಿಕೊಳ್ಳುತ್ತ, ದಾಟಿದವು ಆರುತ್ತ, ಯಾರೋ ಕೆಲಸ ಮುಗಿಸಿ ಮನೆಗೆ ನಡೆದು ಬರುವ ವೇಗದಲ್ಲಿ ಹತ್ತಿರ ಬಂದವು. ಎದುರು ಮನೆಯ ಬಾಗಿಲು ತೆರೆದು ಮುಚ್ಚಿತು. ಹಜಾರದಲ್ಲಿ ದೀಪ, ಆಮೇಲೆ ಬಚ್ಚಲಲ್ಲಿ, ಆಮೇಲೆ ಅಡುಗೆಮನೆಯಲ್ಲಿ. ಗೋಡೆಯೊಳಗೆ ನೀರು ಹರಿಯುವ ಸದ್ದು ಈ ಕಡೆಗೂ ಕೇಳಿಸಿತು.

ಮಾರನೆಯ ವಾರ ಆಫೀಸಿನಿಂದ ಇಂಜಿನಿಯರ್ ಹುಡುಗಿ ಬಂದಳು. ಮನೆಯ ಯಂತ್ರಗಳನ್ನು ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ. ಬಂದಾಗಲೆಲ್ಲ ಚಹಾ ಕುಡಿದು ಹೋಗುವಷ್ಟು ಸಲುಗೆ ಬೆಳೆದಿತ್ತು. ಕೇಳಿದ್ದಕ್ಕೆ ಅವಳು ನಕ್ಕು, ಹೆದರಬೇಡಿ ಎಂದು ಬಿಡಿಸಿ ಹೇಳಿದಳು. ಜನ ಬರುವ ಮೊದಲು ಊರು ಜನರ ಜೊತೆ ಬಾಳುವುದನ್ನು ಕಲಿಯಬೇಕು. ಹಾಗಾಗಿ ಖಾಲಿ ಮನೆಗಳಿಗೆಲ್ಲ ಕಂಪ್ಯೂಟರ್ ಒಂದೊಂದು ಸಂಸಾರವನ್ನು ಕಲ್ಪಿಸಿಕೊಂಡಿದೆ. ಎದುರು ಮನೆಯಲ್ಲಿ ಒಬ್ಬ ಮೇಷ್ಟ್ರು, ಹೆಂಡತಿ, ಶಾಲೆಗೆ ಹೋಗುವ ಮಗಳು, ಮೇಷ್ಟ್ರ ವಯಸ್ಸಾದ ತಂದೆ. ಅವರು ಏಳುತ್ತಾರೆ, ಸ್ನಾನ ಮಾಡುತ್ತಾರೆ, ಜ್ವರ ಬಂದು ಮಲಗುತ್ತಾರೆ. ಅದಕ್ಕೆ ತಕ್ಕಂತೆ ದೀಪ, ನೀರು, ಬಾಗಿಲು ಕೆಲಸ ಮಾಡುತ್ತವೆ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ," ಎಂದಳು ಅತ್ತೆ. "ಕುಲಾವಿ ಹೊಲಿಯೋಳು ನಮ್ಮನೇಲೇ ಇದ್ದಾಳೆ, ನಮಗೇನು ಹೊಸದಲ್ಲ ಬಿಡು."

ಹೊಲಿಗೆಯಕ್ಕನಿಗೆ ಮಾತ್ರ ಆ ವಿವರಣೆಯಿಂದ ಸಮಾಧಾನವಾಗಲಿಲ್ಲ. ಇಲ್ಲದವರು ಇದ್ದಾರೆಂದು ತಿಳಿಯದೆ ಇದ್ದಾಗ ಅದು ಬರೀ ದೀಪವಾಗಿತ್ತು. ಈಗ ಬೆಳಿಗ್ಗೆ ಎದುರಿನ ಬಾಗಿಲು ತೆರೆದರೆ ಮಗುವಿನ ಚೀಲ ಸರಿಮಾಡುವ ತಾಯಿ ನೆನಪಾಗುತ್ತಿದ್ದಳು. ಕಣ್ಣಿಗೆ ಕಾಣುತ್ತಿದ್ದುದು ತೆರೆದ ಬಾಗಿಲು, ಖಾಲಿ ಮೆಟ್ಟಿಲು.

ಅತ್ತೆಗೆ ಅಂಥ ಅಳುಕೇನೂ ಇರಲಿಲ್ಲ. ಇಂಜಿನಿಯರ್ ಹುಡುಗಿ ಬಂದಾಗಲೆಲ್ಲ ಮೇಷ್ಟ್ರ ಮನೆಯವರು ಹೇಗಿದ್ದಾರೆಂದು ಕೇಳುವಳು. ಹುಡುಗಿ ಮೊದಮೊದಲು ತಮಾಷೆಯೆಂದುಕೊಂಡಳು, ಆಮೇಲೆ ತಾನೇ ನೋಡಿಕೊಂಡು ಬಂದು ಹೇಳತೊಡಗಿದಳು. ಮಗಳು ತರಗತಿ ದಾಟಿದಳಂತೆ. ಹೆಂಡತಿಗೆ ನಿದ್ದೆ ಕಡಿಮೆಯಂತೆ. ಚಳಿ ಹಿಡಿದ ಮೇಲೆ ಒಂದು ದಿನ ಮುದುಕನಿಗೆ ಹುಷಾರಿಲ್ಲ ಎಂದಳು. ಆ ಮಧ್ಯಾಹ್ನವೇ ಚಾಲಕನಿಲ್ಲದ ಬಿಳಿ ಗಾಡಿ ಸದ್ದಿಲ್ಲದೆ ಬಂದು ಎದುರು ಮನೆಯ ಮುಂದೆ ನಿಂತಿತು. ಅದರ ಹಿಂಬಾಗಿಲು ತೆರೆಯಿತು, ಮನೆಯ ಬಾಗಿಲೂ ತೆರೆಯಿತು. ಒಬ್ಬ ರೋಗಿಯನ್ನು ಎತ್ತಿ ಮಲಗಿಸುವಷ್ಟು ಹೊತ್ತು ಎರಡೂ ಹಾಗೇ ಇದ್ದವು. ಆಮೇಲೆ ಮುಚ್ಚಿಕೊಂಡವು. ಗಾಡಿ ಹೋಯಿತು. ಎರಡು ದಿನ ಬಿಟ್ಟು ಅದು ಮತ್ತೆ ಬಂದು ಮುದುಕನನ್ನು ಇಳಿಸಿ ಹೋಯಿತು.

ಎದುರು ಮನೆಯಲ್ಲಿ ಕಾಯಿಲೆಯವರನ್ನಿಟ್ಟುಕೊಂಡು ಸುಮ್ಮನೆ ಕೂತರೆ ಜನ ಏನಂದಾರು ಎಂದು ಅತ್ತೆ ಶಾಲು ಹೊದ್ದು ಹೊರಟೇಬಿಟ್ಟಳು. ಜನ ಯಾರಿದ್ದಾರೆ ಅನ್ನೋಕೆ ಎಂದು ಸೊಸೆ ಕೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬಳನ್ನೇ ಬಿಡಲಾರದೆ ಹೊಲಿಗೆಯಕ್ಕ ಜೊತೆಗೆ ಹೋದಳು.

ಮೆಟ್ಟಿಲ ಹತ್ತಿರ ಹೋಗುತ್ತಲೇ ಬಾಗಿಲು, "ಬನ್ನಿ, ಮನೆಯವರು ಒಳಗಿದ್ದಾರೆ," ಎಂದು ತೆರೆದುಕೊಂಡಿತು. ಒಳಗೆ ಒಂದು ಕುರ್ಚಿಯೂ ಇರಲಿಲ್ಲ. ಬರೀ ನೆಲ, ಬರೀ ಗೋಡೆ, ಹೊಸ ಬಣ್ಣದ ವಾಸನೆ. ಅಡುಗೆಮನೆಯ ಒಲೆಯ ಹತ್ತಿರ ಕೈಯಿಟ್ಟರೆ ಕಾವಿತ್ತು. ಹಿಂದಿನ ಕೋಣೆ, ಮುದುಕನದೆಂದು ಹುಡುಗಿ ಹೇಳಿದ್ದು, ಉಳಿದ ಕೋಣೆಗಳಿಗಿಂತ ಬೆಚ್ಚಗಿತ್ತು. ಬಹಳ ಹೊತ್ತು ಒಬ್ಬರು ಮಲಗಿದ್ದ ಕೋಣೆಯಲ್ಲಿ ಮಾತ್ರ ಇರುವ ಕಾವು ಅದು. ಅತ್ತೆ ಅಲ್ಲಿನ ಕಿಟಕಿಯ ಕಟ್ಟೆಯ ಮೇಲೆ ಕೂತು, ಕೈ ಮಡಿಲಲ್ಲಿಟ್ಟುಕೊಂಡು, ಕಾಯಿಲೆಯವರ ಬಳಿ ಕೂರುವಂತೆ ಸುಮ್ಮನೆ ಕೂತಳು. ಹೊಲಿಗೆಯಕ್ಕ ಬಾಗಿಲಲ್ಲೇ ನಿಂತಳು. ಹೊರಡುವಾಗ ಅವರ ಹಿಂದೆ ಒಂದೊಂದೇ ದೀಪ ಆರುತ್ತ ಬಂತು. ಹಿಂದಿನ ಕೋಣೆಯದು ಮಾತ್ರ ಆರಲಿಲ್ಲ.

"ಎದ್ದು ಕೂತಿದ್ದಾನೆ," ಎಂದಳು ಅತ್ತೆ. "ಗುಣವಾಗ್ತಾನೆ ಬಿಡು."

ಅಂದಿನಿಂದ ಅವಳು ಮಧ್ಯಾಹ್ನಗಳಲ್ಲಿ ಆಗಾಗ ಅಲ್ಲಿಗೆ ಹೋಗಿ ಬರತೊಡಗಿದಳು. ಸೊಸೆ ಬೈದಳು, ಬೇಡಿಕೊಂಡಳು, ಕೊನೆಗೆ ಬಿಟ್ಟಳು. ವಯಸ್ಸಾದವರಿಗೆ ಕೂತು ಬರಲು ಒಂದು ಜಾಗ ಬೇಕು, ಇಲ್ಲಿ ಬೇರೆ ಎಲ್ಲಿಗೆ ಹೋದಾಳು ಎಂದುಕೊಂಡಳು.

ಬೇಸಿಗೆ ಹತ್ತಿರವಾದಾಗ ಸರ್ಕಾರದ, ಕಂಪನಿಯ ದೊಡ್ಡವರೆಲ್ಲ ಬೀದಿ ನೋಡಲು ಬಂದರು. ಸಂಜೆಗತ್ತಲಲ್ಲಿ ಅವರನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿದರು. ಎಲ್ಲ ಮನೆಗಳಲ್ಲೂ ದೀಪ, ಎಲ್ಲ ಬಚ್ಚಲುಗಳಲ್ಲೂ ನೀರು, ತೆರೆಯುವ ಮುಚ್ಚುವ ಬಾಗಿಲು, ಯಾವ ಕಿಟಕಿಯಲ್ಲೂ ಮುಖವಿಲ್ಲ. ಬಂದವರು ಚಪ್ಪಾಳೆ ತಟ್ಟಿದರು. ಅತ್ತೆ ತನ್ನ ಕಿಟಕಿಯಿಂದ ಕೈಬೀಸಿದಳು. ಅದೂ ವ್ಯವಸ್ಥೆಯ ಒಂದು ಭಾಗವೆಂದು ಒಬ್ಬರು ಮೆಚ್ಚಿಕೊಂಡದ್ದನ್ನು ಇಂಜಿನಿಯರ್ ಹುಡುಗಿ ಆಮೇಲೆ ಬಂದು ಹೇಳಿ, ತಾನೇ ನಗಲಾರದೆ ಹೋದಳು.

ಅದಾಗಿ ಸ್ವಲ್ಪ ದಿನಕ್ಕೆ, ಊಟವಾದ ಮೇಲೆ, ಕುರ್ಚಿಯಲ್ಲಿ ಕೂತಲ್ಲೇ ಅತ್ತೆಯ ಉಸಿರು ನಿಂತಿತು. ಹೊಲಿಗೆಯಕ್ಕ ಪಕ್ಕದಲ್ಲೇ ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದಳು. ಏನೋ ಕೇಳಿದ್ದಕ್ಕೆ ಉತ್ತರ ಬರಲಿಲ್ಲ ಎಂದು ತಲೆಯೆತ್ತಿ ನೋಡಿದರೆ ಮುಗಿದಿತ್ತು. ನಗರದಲ್ಲಿದ್ದ ಹೊಲಿಗೆಯಕ್ಕನ ತಂಗಿ ಮತ್ತು ತಂಗಿಯ ಗಂಡ ಬಂದು ಮುಂದಿನದೆಲ್ಲ ನೋಡಿಕೊಂಡು, ಅವಳನ್ನು ತಮ್ಮ ಮನೆಗೆ ಕರೆದೊಯ್ದರು. ನಮ್ಮಲ್ಲೇ ಇದ್ದುಬಿಡು ಎಂದು ತಂಗಿ ಹೇಳಿದಳು. ಒಪ್ಪಿಕೊಂಡ ಹೊಲಿಗೆ ಬಾಕಿಯಿದೆ, ಮುಗಿಸಿ ಬರುತ್ತೇನೆ ಎಂದು ಹೊಲಿಗೆಯಕ್ಕ ಮರಳಿ ಹೊರಟಳು.

ಬೀದಿಯ ತುದಿಯಲ್ಲಿ ಗಾಡಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಅವಳು ನಡೆದಂತೆ ಅವಳ ತಲೆಯ ಮೇಲಿನ ದೀಪ ಹೊತ್ತಿತು. ಮುಂದಿನದು ಹೊತ್ತಿದಾಗ ಹಿಂದಿನದು ಆರಬೇಕಾಗಿತ್ತು. ಆರಲಿಲ್ಲ. ಇನ್ನೂ ಮುಂದೆ ಹೋದಳು. ಹಿಂದೆ ಬಹಳ ದೂರದಲ್ಲಿ ಒಂದು ದೀಪ ಆರಿ, ಅದರ ಈಚೆಯದು ತಡವಾಗಿ ಹೊತ್ತಿತು. ಕಾಲೆಳೆದುಕೊಂಡು ಬರುವವರ ವೇಗ ಅದು. ಹೊಲಿಗೆಯಕ್ಕ ಯೋಚಿಸದೆಯೇ, ಅಭ್ಯಾಸಬಲದಿಂದ, ನಿಂತುಕೊಂಡಳು. ಆ ಬೆಳಕು ಕಂಬದಿಂದ ಕಂಬಕ್ಕೆ ಹತ್ತಿರ ಬಂದು ಅವಳ ಪಕ್ಕದ ಕಂಬದಲ್ಲಿ ನಿಂತಿತು. ಕೆಳಗೆ ಬರೀ ರಸ್ತೆ. ಅಳು ಬಂದಿತೋ ಭಯವಾಯಿತೋ ತನಗೇ ತಿಳಿಯಲಿಲ್ಲ ಎಂದು ಅವಳು ಆಮೇಲೆ ತಂಗಿಯೊಡನೆ ಹೇಳಿಕೊಂಡಳು. ಮನೆಯ ತನಕ ಎರಡು ದೀಪಗಳ ಜೊತೆಗೆ ನಡೆದಳು.

ಬೆಳಗಾಗುವ ಮೊದಲು ಅತ್ತೆಯ ಕೋಣೆಯಲ್ಲಿ ಬೆಳಕಾಯಿತು. ಬಚ್ಚಲಲ್ಲಿ ಅತ್ತೆಗೆ ಬೇಕಾದಷ್ಟು ಬಿಸಿಯಾಗಿ ನೀರು ಕಾಯಿತು. ಇಂಜಿನಿಯರ್ ಹುಡುಗಿ ವಿಷಯ ಕೇಳಿ ಬಿಳಿಚಿಕೊಂಡಳು. ಯಂತ್ರ ಅವರ ಅಭ್ಯಾಸ ಕಲಿತುಬಿಟ್ಟಿದೆ, ತೆಗೆಸುತ್ತೇನೆ ಎಂದು ಹೋಗಿ ಎರಡೂ ಕಡೆಗೆ ಹೇಳಿದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು ಅಲ್ಲಿ. ಸಾವನ್ನು ನಾವು ದಾಖಲು ಮಾಡಿದ್ದೇವೆ, ಯಂತ್ರ ಮುಟ್ಟುವ ಅಧಿಕಾರ ಕಂಪನಿಯದು ಎಂದರು ಸರ್ಕಾರದ ಕಡೆಯವರು. ಪ್ರಯೋಗ ಮುಗಿಯುವ ತನಕ ಮನೆಗಳಲ್ಲಿರುವವರ ಎಣಿಕೆಯಲ್ಲಿ ಯಾರೂ ಕೈಯಾಡಿಸಬಾರದೆಂದು ಸರ್ಕಾರವೇ ಒಪ್ಪಂದದಲ್ಲಿ ಬರೆಸಿದೆ ಎಂದರು ಕಂಪನಿಯವರು. ಮುದುಕಿ ಇಬ್ಬರ ನಡುವೆ ಉಳಿದುಕೊಂಡಳು.

ಸ್ವಲ್ಪ ದಿನದಲ್ಲಿ ಕೋಣೆಯ ಬೆಳಕು ತಾನಾಗಿಯೇ ನಿಂತಿತು. ಬಚ್ಚಲ ನೀರೂ ತಣ್ಣಗಾಯಿತು. ಹೊಲಿಗೆಯಕ್ಕ ನಿಟ್ಟುಸಿರು ಬಿಟ್ಟು, ಖಾಲಿಯಾದ ಮನೆಯಲ್ಲಿ ಒಂಟಿಯಾಗಿ ಅತ್ತಳು. ಅದರ ಮಾರನೆಯ ಮಧ್ಯಾಹ್ನ ತಲೆಯೆತ್ತಿದರೆ, ಎದುರು ಮನೆಯ ಹಿಂಗೋಣೆಯ, ಇಲ್ಲಿಂದ ಓರೆಯಾಗಿ ಕಾಣುತ್ತಿದ್ದ ಬದಿ ಕಿಟಕಿಯ ಷಟರು ಅರ್ಧಕ್ಕೆ ಏರಿ ನಿಂತಿತ್ತು. ಒಳಗೆ ಕುರ್ಚಿಯಿದ್ದಿದ್ದರೆ ಬಿಸಿಲು ಕಾಲಿಗೆ ಮಾತ್ರ ಬೀಳುತ್ತಿತ್ತು.

ಹುಡುಗಿಯನ್ನು ಕರೆಸಿ ಕೇಳಿದಳು. ಹುಡುಗಿ ಕೈಯಲ್ಲಿದ್ದ ಪುಟ್ಟ ಕಂಪ್ಯೂಟರಿನ ಪರದೆಯನ್ನು ಎರಡೆರಡು ಸಲ ನೋಡಿದಳು.

"ನಿಮ್ಮತ್ತೆ ಎದುರು ಮನೇಲಿದ್ದಾರೆ ಅಂತ ತೋರಿಸ್ತಿದೆ ಅಕ್ಕ. ಇದು ನಾನು ಮಾಡಿದ್ದಲ್ಲ. ಯಾರೂ ಮಾಡಿದ್ದಲ್ಲ."

"ಬದುಕಿರೋವಾಗ ನನ್ನ ಜೊತೆ ಏಗಿದ್ದು ಸಾಕು ಅನ್ನಿಸಿರಬೇಕು," ಎಂದಳು ಹೊಲಿಗೆಯಕ್ಕ. ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಇಬ್ಬರೂ ಕಿಟಕಿಯ ಕಡೆ ನೋಡಲಿಲ್ಲ.

ಆಮೇಲೂ ಅವಳು ಕೆಲವು ದಿನ ಅಲ್ಲಿದ್ದಳು. ಭಯ ಮೆಲ್ಲಗೆ ಕಡಿಮೆಯಾಯಿತು. ನಿಜವಾಗಿ ಹೆದರಬೇಕಾದದ್ದು ಅದಕ್ಕೇ ಎಂದು ಹೊಳೆದದ್ದು ತಡವಾಗಿ. ಒಂದು ಮಧ್ಯಾಹ್ನ ಇಸ್ತ್ರಿ ಮಾಡುತ್ತಿದ್ದವಳು, ಅಂಗಳದ ಆಚೆಯವರನ್ನು ಕಂಡಾಗ ಮಾಡುವ ಹಾಗೆ, ಎದುರು ಕಿಟಕಿಗೆ ಕೈಯೆತ್ತಿದಳು. ಎದುರಿನ ಷಟರು ಒಂದು ಗೇಣು ಕೆಳಗಿಳಿದು ಮತ್ತೆ ಮೇಲೇರಿತು. ಅವಳ ಕೈ ಹಾಗೇ ನಿಂತಿತು. ತಾನು ಮುಗುಳ್ನಗುತ್ತಿದ್ದೇನೆ ಎಂಬುದು ಅರಿವಿಗೆ ಬಂತು. ಇಸ್ತ್ರಿಯ ಕೆಳಗೆ ಯಾರದೋ ಕೋಟಿನ ತೋಳು ಸುಟ್ಟು ವಾಸನೆ ಬಂದಾಗಲೇ ಅವಳು ಕದಲಿದ್ದು. ಅಂದೇ ಸಂಜೆ ತಂಗಿಗೆ ಫೋನು ಮಾಡಿದಳು.

ಹೊರಡುತ್ತೇನೆಂದು ತಿಳಿದ ಮೇಲೆ ಆಫೀಸಿನ ಮುಖ್ಯಸ್ಥನೇ ಬಂದ. ಒಳ್ಳೆಯ ಮನುಷ್ಯ, ದನಿಯೆತ್ತಿದವನಲ್ಲ. ಊರಿಗೆ ಪೂರ್ತಿ ಒಪ್ಪಿಗೆ ಸಿಗುವುದರಲ್ಲಿದೆ, ಬೀದಿಯಲ್ಲಿ ಒಬ್ಬರಾದರೂ ವಾಸವಿದ್ದಾರೆ ಎಂದು ಹೇಳಬೇಕಾಗುತ್ತದೆ, ಅಲ್ಲಿಯವರೆಗೆ ಇರಿ ಎಂದು ಕೇಳಿಕೊಂಡ. ಮನೆ ನಿಮ್ಮದೇ ಆಗುತ್ತದೆ ಎಂದೂ ನೆನಪಿಸಿದ.

"ಬದುಕಿರೋರು ಒಬ್ಬರು ಬೇಕು ಅಂತೀರಿ," ಎಂದಳು ಹೊಲಿಗೆಯಕ್ಕ. "ನನಗೂ ಅದೇ ಬೇಕಾಗಿರೋದು ಸ್ವಾಮಿ. ಇಲ್ಲಿ ಮಾತಾಡಿಸೋಕೆ ಒಬ್ಬರೂ ಇಲ್ಲ."

ಅವನು ತಲೆತಗ್ಗಿಸಿ ಚಹಾ ಕುಡಿದು ಹೋದ. ತಂಗಿಯ ಗಂಡ ತಂದ ಗಾಡಿಯಲ್ಲಿ ಹೊಲಿಗೆಯ ಯಂತ್ರ, ಹಾಸಿಗೆ, ಪಾತ್ರೆ ಹಿಡಿದವು. ಕಟಿಂಗ್ ಟೇಬಲ್ ಮಾತ್ರ ಹಿಡಿಯಲಿಲ್ಲ. ಆಮೇಲೆ ಬಂದು ಒಯ್ಯೋಣ ಎಂದು ಬಿಟ್ಟರು.

ಅವಳು ಹೋದ ಮೇಲೆ ಊರಿಗೆ ಒಪ್ಪಿಗೆ ಸಿಕ್ಕಿತು. ಒಬ್ಬರಾದರೂ ವಾಸವಿದ್ದಾರೆಂದು ಆಫೀಸಿನವರು ಸುಳ್ಳು ಹೇಳಬೇಕಾಗಲಿಲ್ಲ, ಯಂತ್ರವೇ ಹೇಳಿತು. ಇದು ಹೊಲಿಗೆಯಕ್ಕನಿಗೆ ಗೊತ್ತಾದದ್ದು ಟೇಬಲ್ ತರಲು ಹೋದ ದಿನ. ಒಂದು ಬೆಳಿಗ್ಗೆ ಇಂಜಿನಿಯರ್ ಹುಡುಗಿಯೇ ಆಫೀಸಿನ ಗಾಡಿಯಲ್ಲಿ ಕರೆದುಕೊಂಡು ಹೋದಳು. ಬಯಲಲ್ಲಿ ಗುರುತಿನ ಗೂಟಗಳು ಎದ್ದಿದ್ದವು, ದೂರದಲ್ಲಿ ಮಣ್ಣು ತೋಡುವ ಯಂತ್ರಗಳ ಸದ್ದಿತ್ತು. ಬೀದಿ ಇದ್ದ ಹಾಗೇ ಇತ್ತು. ಹೊಲಿಗೆಯಕ್ಕ ತನ್ನ ಮನೆಯ ಮೆಟ್ಟಿಲು ಹತ್ತಿ ನಿಂತಳು. ಬಾಗಿಲು ತೆರೆಯಲಿಲ್ಲ.

"ಮನೆಯವರು ಕೆಲಸದಲ್ಲಿದ್ದಾರೆ," ಎಂದಿತು ಹೆಂಗಸಿನ ದನಿ. "ಯಾರು ಬಂದಿದ್ದೀರಿ ಅಂತ ತಿಳಿಸಲಿ?"

ಹುಡುಗಿಯ ಕಣ್ಣು ತುಂಬಿತು. ತಡೆದು ತಡೆದು, ನಿಮ್ಮತ್ತೆಯ ಹಾಗೇ ಯಂತ್ರ ನಿಮ್ಮನ್ನೂ ಇಟ್ಟುಕೊಂಡಿದೆ ಅಕ್ಕ, ನಾನು ಎಷ್ಟು ಕೇಳಿದರೂ ತೆಗೆಯುತ್ತಿಲ್ಲ ಎಂದಳು. ಆಫೀಸಿನ ಕೀಲಿಯಿದೆ, ತೆಗೆದು ಟೇಬಲ್ ಒಯ್ಯೋಣ ಎಂದು ಚೀಲಕ್ಕೆ ಕೈಹಾಕಿದಳು. ಹೊಲಿಗೆಯಕ್ಕ ಅವಳ ಕೈ ಹಿಡಿದಳು. ಮುಚ್ಚಿದ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿದಳು. ಅದರಾಚೆ ಕೋಣೆಯ ದೀಪ ಉರಿಯುತ್ತಿದ್ದುದು ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು.

"ಬೇಡ ಬಿಡಮ್ಮ," ಎಂದಳು. "ಕೆಲಸ ಮಾಡ್ಕೊಂಡಿದ್ದಾಳೆ. ಟೇಬಲ್ ಅವಳಿಗೂ ಬೇಕಾಗುತ್ತೆ."

ಇಬ್ಬರೂ ಬೀದಿಯ ಬಿಸಿಲಲ್ಲಿ ಗಾಡಿಯ ತನಕ ನಡೆದು ಹೋದರು. ಹೊಲಿಗೆಯಕ್ಕ ಎದುರು ಮನೆಯ ಕಡೆ ತಿರುಗಲಿಲ್ಲ, ಹುಡುಗಿಯೂ ತಿರುಗದಂತೆ ಅವಳ ಭುಜದ ಮೇಲೆ ಕೈಯಿಟ್ಟುಕೊಂಡಿದ್ದಳು.

ಹುಡುಗಿ ಆ ಕೆಲಸ ಬಿಟ್ಟಳು. ಊರು ಎದ್ದಿತು. ಈಗ ಅಲ್ಲಿ ನಿಜವಾದ ಜನರಿದ್ದಾರೆ, ಚೆನ್ನಾಗಿಯೇ ಇದ್ದಾರೆ ಎನ್ನುತ್ತಾರೆ. ಮೊದಲ ಬೀದಿಯನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ, ಎಲ್ಲ ಮನೆಗಳೂ ತುಂಬಿವೆ ಎಂದು ಯಂತ್ರ ತೋರಿಸುತ್ತದಂತೆ. ಹೊಲಿಗೆಯಕ್ಕ ತನಗೆ ಬರಬೇಕಾಗಿದ್ದ ಮನೆಯನ್ನು ಕೇಳಲು ಹೋಗಲಿಲ್ಲ. ತಂಗಿಯ ಮನೆಯ ಕೆಳಗೆ, ಬ್ರೆಡ್ಡಿನ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ, ಮೂಲೆಯಲ್ಲೊಂದು ಕೋಣೆ ಹಿಡಿದು ಹೊಲಿಗೆ ಹಾಕಿಕೊಂಡಿದ್ದಾಳೆ. ರಸ್ತೆಯ ಗದ್ದಲಕ್ಕೆ ಒಂದು ಮಾತೂ ಸರಿಯಾಗಿ ಕೇಳಿಸುವುದಿಲ್ಲ. ಬಾಗಿಲಿಗೆ ಗಾಜು ಹಾಕಿಸಿಕೊಡುತ್ತೇನೆ, ಸದ್ದು ಕಡಿಮೆಯಾಗುತ್ತದೆ ಎಂದು ತಂಗಿಯ ಗಂಡ ಎಷ್ಟೋ ಸಲ ಹೇಳಿದ. ಅವಳು ಒಪ್ಪಲಿಲ್ಲ. ಬಂದವರು ಕೂಗಿ ಕರೆಯುತ್ತಾರೆ, ಅವಳೂ ಒಳಗಿನಿಂದ ಕೂಗಿಯೇ ಉತ್ತರ ಕೊಡುತ್ತಾಳೆ.